ಮಾ ತೊಳೆದಿಟ್ಟ ಬಾಟಲಿಗಳು

ಪ್ರಿಟೋರಿಯಾಕ್ಕೆ ಹೋಗುವ ಟ್ಯಾಕ್ಸಿಯ ಸಾಲಿನಲ್ಲಿ ಝಾನೆಲೆಯ ಮುಂದೆ ಅವಳ ಬೀದಿಯವರೇ ಆದ ತಾಯಿ ಮಗಳು ನಿಂತಿದ್ದರು. ಮಗಳು ಥೋಬಿಲೆ ಐಸ್ ಪೆಟ್ಟಿಗೆ ತೆರೆದವಳು ಹಾಗೇ ಕುಕ್ಕರಿಸಿಬಿಟ್ಟಳು.

"ಮಾ, ಈ ನೀರು ಯಾಕೆ ಇಷ್ಟು ತಿಳಿಯಾಗಿದೆ?"

"ಬೆಳಿಗ್ಗೆ ಬಾಟಲಿ ತೊಳೆದು ಬೀದಿ ನಲ್ಲಿ ನೀರು ತುಂಬಿದೆ."

"ಅಯ್ಯೋ, ಅದರಲ್ಲಿ ನಾನು ತುಂಬಿಟ್ಟಿದ್ದು ಗಣಿ ಕೆಳಗಿನ ಹೊಳೆ ನೀರು!"

"ಗೊತ್ತು ಕಣೆ. ತಳದಲ್ಲಿ ಕೆಂಪಗೆ ಗಸಿ ಕೂತಿತ್ತು. ಮೇಷ್ಟ್ರ ಮುಂದೆ ಅಂಥದ್ದು ಇಟ್ರೆ ನಮ್ಮೂರ ಮರ್ಯಾದೆ ಏನಾಗಬೇಕು?"

"ಆ ಗಸಿಯೇ ನನಗೆ ಬೇಕಿದ್ದಿದ್ದು! ಡಿಗ್ರಿ ಆದ್ಮೇಲೂ ಪರಿಸರ ನಿರ್ವಹಣೆ ಆನರ್ಸ್ ಅಂತ ಒಂದು ವರ್ಷ ಓದ್ತಿರೋದು ಮತ್ಯಾಕೆ? ಸಂಜೆಯೊಳಗೆ ಲ್ಯಾಬಿಗೆ ಕೊಡದಿದ್ರೆ ವರ್ಷವೇ ಹೋಯ್ತು."

"ನೆಂಟರ ಮನೆಗೆ ಕೊಳೆ ಪಾತ್ರೆ ಕಳಿಸಬಾರದು ಅಂತಿದ್ಲು ನಮ್ಮಮ್ಮ."

"ಯೂನಿವರ್ಸಿಟಿ ನಿನ್ನ ನೆಂಟರ ಮನೆಯಾ?"

"ಬಯ್ಯಬೇಡ. ಹೊಳೆ ಎಲ್ಲಿಗೂ ಓಡಿಹೋಗಿಲ್ಲ, ಏಳು. ಈ ಸಲ ಕೆಸರು ಸಮೇತ ತುಂಬಿಕೋ, ನಾನು ಮುಟ್ಟಲ್ಲ."

ತಾಯಿ ಬಾಟಲಿಗಳನ್ನು ಒಂದೊಂದಾಗಿ ಮಣ್ಣಿಗೆ ಸುರಿಯತೊಡಗಿದಳು. ಕೊನೆಯದಕ್ಕೆ ಮಗಳು ಕೈ ಅಡ್ಡ ಹಿಡಿದಳು.

"ಇದೊಂದು ಇರಲಿ ಮಾ. ಇದನ್ನೂ ಪರೀಕ್ಷೆ ಮಾಡಿಸ್ತೀನಿ."

"ಯಾಕೆ? ಇದು ನಾವು ಕುಡಿಯೋ ನೀರಲ್ವಾ?"

ಮಗಳು ಆ ಬಾಟಲಿಯನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಳು. ತಾಯಿ ಪೆಟ್ಟಿಗೆಯನ್ನು ತಲೆಯ ಮೇಲೇರಿಸಿದಳು. ಇಬ್ಬರೂ ಸಾಲು ಬಿಟ್ಟು ಹೊಳೆಯ ಕಡೆ ಬಿರಬಿರನೆ ನಡೆದರು.

ಝಾನೆಲೆಗೆ ಬಾಯಾರಿತ್ತು. ಅದೇ ನಲ್ಲಿಯಲ್ಲಿ ತುಂಬಿಕೊಂಡು ಬಂದಿದ್ದ ಬಾಟಲಿ ಅವಳ ಕೈಯಲ್ಲಿತ್ತು. ಬಿಸಿಲಿಗೆ ಹಿಡಿದು ಒಂದು ಸಲ ನೋಡಿದಳು, ಮುಚ್ಚಳ ಬಿಗಿದು ಚೀಲದೊಳಗೆ ಇಟ್ಟಳು.