ಗುರುವಾರದ ಅತ್ತರು

"ಹಲೋ... ಹಲೋ, ಯಾರು ಮಾತಾಡ್ತಿರೋದು?... ಅಲ್ಲ, ಫೋನ್ ಮಾಡಿದ್ದು ನಾನೇ, ಗೊತ್ತು. ಆದ್ರೂ ಯಾರು ಅಂತ ಹೇಳಿ... ಹಾಂ, ನಜೀರ್. ಶಿವಾಜಿನಗರದ ಅತ್ತರ್ ಅಂಗಡಿ ಅಲ್ವಾ? ರಸೆಲ್ ಮಾರ್ಕೆಟ್ ಹಿಂದೆ?... ನಾನು ಇಂದಿರಾನಗರದಿಂದ, ರಮಾಮಣಿ ಅಂತ."

ರಮಾಮಣಿ ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಮೂವತ್ತು ವರ್ಷ ಕೂತು ಎದ್ದವರು. ಎದುರಿಗಿದ್ದವರು ಸತ್ಯವನ್ನೇ ಹೇಳುತ್ತಿದ್ದರೂ ಎರಡು ಸಲ ಕೇಳುವುದು ಅವರ ಪದ್ಧತಿ. ನಿವೃತ್ತಿಯಾದ ಮೇಲೆ ಕೇಳಲು ಯಾರೂ ಸಿಕ್ಕಿರಲಿಲ್ಲ. ಗಂಡ ಸುದರ್ಶನ್ ಏನು ಕೇಳಿದರೂ ಹೂಂ ಎನ್ನುತ್ತಿದ್ದರು. ವಿಚಾರಣೆ ಅಲ್ಲಿಗೇ ಮುಗಿದುಹೋಗುತ್ತಿತ್ತು.

ಇವತ್ತು ಗುರುವಾರ. ಸುದರ್ಶನ್ ಎಂದಿನಂತೆ ಹನ್ನೊಂದಕ್ಕೆ ಕೊಡೆ, ಕೈಚೀಲ ಹಿಡಿದು ಹೊರಟಿದ್ದರು. ಚಳಿ ಶುರುವಾಗುವ ಮೊದಲು ಬಿಸಿಲಿಗೆ ಹಾಕೋಣವೆಂದು ರಮಾಮಣಿ ಗಂಡನ ಸ್ವೆಟರು ತೆಗೆದರೆ, ಒಳಜೇಬಿನಿಂದ ಹೆಬ್ಬೆರಳುದ್ದದ ಒಂದು ಸೀಸೆ ಬಿತ್ತು. ಅದಕ್ಕೆ ಸುತ್ತಿದ್ದ ಚೀಟಿಯಲ್ಲಿ ಅಂಗಡಿಯ ನಂಬರಿತ್ತು. ಬರೀ ನಂಬರಿದ್ದಿದ್ದರೆ ಅವರು ಫೋನು ಮಾಡುತ್ತಿರಲಿಲ್ಲ.

"ಸ್ಪೀಕರ್ ಹಾಕಿದ್ದೀರಾ? ನನ್ನ ದನಿ ನನಗೇ ಕೇಳಿಸ್ತಿದೆ... ಕೈಯೆಲ್ಲ ಎಣ್ಣೇನಾ? ಪಕ್ಕದಲ್ಲಿ ಯಾರಾದ್ರೂ ಇದ್ದಾರಾ?... ಯಾರೂ ಇಲ್ಲ. ಸರಿ, ಹಂಗಾದ್ರೆ ಕೇಳ್ತೀನಿ. ನಿಮ್ಮಂಗಡಿ ಸೀಸೆ ಒಂದು ನನ್ನ ಕೈಲಿದೆ... ವಾಸನೆನಾ? ಲವಂಗ ಇದೆ, ಗಂಧ ಇದೆ, ಬೆಲ್ಲದ ಪಾಕ ಎಳೆ ಬರೋ ಹೊತ್ತಿಗೆ ಬರುತ್ತಲ್ಲ, ಆ ಥರ ಒಂದು... ಹಾಂ, ಕೇಸರೀನೂ ಇದೆ."

"...ಗರಂ ಅತ್ತರ್ ಅಂದ್ರೆ?... ದಸರಾ ಆದ್ಮೇಲೆ ಹಚ್ಕೊಳ್ಳೋದು. ಶರತ್ಕಾಲದ್ದು ಅನ್ನಿ... ಪಂಚಾಂಗಕ್ಕೆ ಶರತ್ಕಾಲ ಬಂದಿದೆ, ಇಂದಿರಾನಗರಕ್ಕೆ ಇನ್ನೂ ಬಂದಿಲ್ಲ. ಇರ್ಲಿ. ಇದನ್ನ ಯಾರಿಗೆ ಕೊಟ್ರಿ?"

"...ಹೇಳೋ ಹಂಗಿಲ್ವಾ?... ನಿಮ್ಮ ತಂದೆ ಕಾಲದ ಪದ್ಧತಿ, ಸರಿ. ಹೆಸರು ಬರೆಯಲ್ಲ, ಸ್ವಭಾವ ಬರೀತೀರಿ. ಅದನ್ನ ನೋಡ್ಕೊಂಡು ಅತ್ತರ್ ಬೆರೆಸ್ತೀರಿ. ಹೆಸರು ಯಾಕೆ ಬರೆಯಲ್ಲ?... ಬರೆದ್ರೆ ಮನೇಲಿ ಜಗಳ ಆಗುತ್ತೆ ಅಂತಾನಾ. ಬರೆಯದೇ ಇದ್ರೂ ಆಗೋ ಹಂಗಿದೆ ನೋಡಿ."

ರಮಾಮಣಿ ಕನ್ನಡಕ ಏರಿಸಿಕೊಂಡರು. ದನಿ ನಡುಗಬಾರದೆಂದು ಚೀಟಿಯನ್ನು ಕಚೇರಿಯ ದನಿಯಲ್ಲೇ ಓದಿದರು.

"'ನಗು ಜಾಸ್ತಿ. ಮಾತು ಶುರುವಾದ್ರೆ ನಿಲ್ಲಲ್ಲ. ಹಾಡು ಗುನುಗೋ ಅಭ್ಯಾಸ. ಒಳಗೆಲ್ಲ ಬೆಚ್ಚಗೆ. ಗುರುವಾರ.' ಇದು ನೀವು ಬರೆದಿದ್ದೇ ತಾನೆ?... ನೀವೇನಾ?... ಸರಿ. ಈಗ ಹೇಳಿ ಸಾಹೇಬ್ರೇ, ಯಾರು ಈಕೆ?... ಯಾಕೆ ಅಂದ್ರೆ, ಈ ಸೀಸೆ ಸಿಕ್ಕಿದ್ದು ನಮ್ಮೆಜಮಾನ್ರ ಸ್ವೆಟರಲ್ಲಿ. ಮದುವೆಯಾಗಿ ಮೂವತ್ತೆರಡು ವರ್ಷ ಆಯ್ತು. ಚೀಟೀಲಿರೋದು ಯಾವ್ದೂ ನನ್ನ ಹತ್ರ ಇಲ್ಲ, ನಗೂನೂ ಇಲ್ಲ, ಹಾಡೂ ಇಲ್ಲ. ಅದಕ್ಕೇ ಕೇಳ್ತಿದ್ದೀನಿ."

"...ಹೆಂಗಸಲ್ವಾ?... ಅವರೇ ಅಂದ್ರೆ ಯಾರು?... ಸ್ವೆಟರ್‌ನೋರೇನಾ?... ಇಲ್ಲ ಇಲ್ಲ, ನೀವು ಬೇರೆ ಯಾರನ್ನೋ ಹೇಳ್ತಿದ್ದೀರಿ. ನೋಡೋಕೆ ಹೆಂಗಿದ್ದಾರೆ?... ಬಿಳೀ ಕೂದಲು ಊರಿಗೆಲ್ಲ ಇದೆ. ಇನ್ನೇನು?... ಕೊಡೆನಾ? ಹಿಡಿ ಮುರಿದಿದೆಯಾ?... ಕೆಂಪು ದಾರ ಸುತ್ತಿದೆ. ಹಾಂ... ಅದು ನಾನೇ ಸುತ್ತಿದ್ದು."

ರಮಾಮಣಿ ದಿವಾನದ ಮೇಲೆ ಕೂತರು. ಬೇರೆ ಹೆಂಗಸಿಲ್ಲವೆಂದು ಸಮಾಧಾನವಾಗಬೇಕಿತ್ತು. ಆಯಿತು ಕೂಡ, ಅರ್ಧ ನಿಮಿಷ. ಆಮೇಲೆ ಹೊಟ್ಟೆಕಿಚ್ಚು ಇನ್ನೊಂದು ಕಡೆಯಿಂದ ಬಂತು.

"ಅವರು ನಗಲ್ಲ ಸಾಹೇಬ್ರೇ... ನಿಮ್ಮ ಬೆಂಚಿನ ಮೇಲೆ ಕೂತು ನಗ್ತಾರಾ? ಪ್ರತಿ ಗುರುವಾರ?... ಎಷ್ಟು ವರ್ಷದಿಂದ?... ಏಳು. ನನಗೆ ರಾಯರ ಮಠ ಅಂತ ಹೇಳಿ ಹೋಗ್ತಾರೆ. ಬರುವಾಗ ಚೀಲದ ತುಂಬ ದವನ, ಸಂಪಿಗೆ ತರ್ತಾರೆ... ಹಾಂ? ಅದು ದೇವ್ರಿಗಲ್ವಾ?... ಅತ್ತರ್ ವಾಸನೆ ಮುಚ್ಚೋಕಾ!... ಇರಿ, ಒಂದ್ನಿಮಿಷ ಇರಿ. ಏಳು ವರ್ಷದಿಂದ ಅಕ್ಕಪಕ್ಕದೋರಿಗೆಲ್ಲ 'ನಮ್ಮೋರ ಭಕ್ತಿ ನೋಡಿ' ಅಂತ ಹೇಳ್ಕೊಂಡು ಬಂದಿದ್ದೀನಿ."

"...ಮುಚ್ಚೋದು ಯಾಕಂತೆ?... ನಾನಾ? ನಾನೇನಂದೆ?... ಮದುವೆಯಾದ ಹೊಸದ್ರಲ್ಲಿ. ಹಲಸೂರಿನ ತವರುಮನೇಲಿ, ನಮ್ಮಣ್ಣಂದಿರ ಎದುರಿಗೆ... 'ಏನ್ರೀ, ಸರ್ಕಸ್ ಕಂಪನಿಯೋರ ಥರ ಘಮ್ ಅಂತಿದ್ದೀರಿ.' ಹಂಗಂದ್ನಾ?... ನನಗೆ ನೆನಪೇ ಇಲ್ಲ... ಅವರಿಗಿದೆ ಅಂತೀರಿ."

ಹೇಳಿದ ಮೇಲೆ ನೆನಪಾಯಿತು. ಅಣ್ಣಂದಿರು ಹೊಟ್ಟೆ ಹಿಡಿದು ನಕ್ಕಿದ್ದರು. ಸುದರ್ಶನ್ ಸುಮ್ಮನೆ ಎದ್ದು ಹೋಗಿ ಅಂಗಿ ಬದಲಿಸಿಕೊಂಡು ಬಂದಿದ್ದರು. ರಮಾಮಣಿಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಅವರು ಇನ್ನಷ್ಟು ಪ್ರಶ್ನೆ ಕೇಳುತ್ತಾರೆ.

"ಈ ಅತ್ತರ್ ಎಲ್ಲರಿಗೂ ಒಪ್ಪುತ್ತಾ?... ಒಳಗೆ ಬೆಚ್ಚಗಿರೋರಿಗೆ ಮಾತ್ರ. ಸಿಡುಕ್ರು ಹಚ್ಕೊಂಡ್ರೆ ಸೀದ ವಾಸನೆ ಬರುತ್ತಾ... ನನಗೆ ಯಾವುದು ಒಪ್ಪುತ್ತೆ? ಹತ್ತು ನಿಮಿಷದಿಂದ ಮಾತಾಡ್ತಿದ್ದೀರಲ್ಲ, ಹೇಳಿ... ಲಾವಂಚ. ಅದು ಕೂಲರಿಗೆ ಹಾಕೋದಲ್ವಾ?... ಪರವಾಗಿಲ್ಲ ಬಿಡಿ, ಬೇಜಾರೇನಿಲ್ಲ."

"...ಅಲ್ಲ, ನಗೋಕೆ ಅಲ್ಲೇನು ಹೇಳ್ತಾರೆ?... ಕತೆನಾ? ಯಾವ ಕತೆ?... ಸತ್ತೋನೇ ಬಂದು ತನ್ನ ಕ್ಲೇಮ್ ಫಾರಂ ಕೇಳಿದ್ದು?... ಅದು ನಂದು! ನನ್ನ ಕೌಂಟರಲ್ಲಿ ಆಗಿದ್ದು!... ನನ್ನ ದನೀಲೇ ಹೇಳ್ತಾರಾ?... ಮನೇಲಿ ನಾನು ಹೇಳ್ದಾಗ ಪೇಪರಿಂದ ತಲೆ ಎತ್ತಲಿಲ್ಲ. ಹೂಂ ಅಂದ್ರು, ಅಷ್ಟೇ... ಹಂಗಾದ್ರೆ ಕೇಳಿಸ್ಕೊಂಡಿದ್ರು."

"...ಏನು? ಬಂದ್ರಾ? ಈಗಾ?... ನಾನು ಅಂತ ಹೇಳ್ಬೇಡಿ ಸಾಹೇಬ್ರೇ. ಫೋನ್ ಕಟ್ ಮಾಡ್ಬೇಡಿ, ಹಂಗೇ ಮೇಜಿನ ಮೇಲಿರ್ಲಿ... ಆ ಕತೆ ಇನ್ನೊಂದ್ಸಲ ಹೇಳಿಸಿ... ದಯವಿಟ್ಟು."

ಬೆಂಚು ಕಿರುಗುಟ್ಟಿದ್ದು ಕೇಳಿಸಿತು. ಆಮೇಲೆ ಒಂದು ಗಂಡು ದನಿ ಶುರುವಾಯಿತು. ಮನೆಯಲ್ಲಿ ಅದು ಇಷ್ಟು ದೊಡ್ಡದಾಗಿ ಯಾವತ್ತೂ ಬಂದಿರಲಿಲ್ಲ. ನಡುನಡುವೆ ರಮಾಮಣಿಯದೇ ಕೌಂಟರಿನ ದನಿ, ಪ್ರತಿ ಪ್ರಶ್ನೆಯೂ ಎರಡೆರಡು ಸಲ. ನಂತರ ನಗು. ಚೆನ್ನಾಗಿತ್ತು ನಗು. ಅದು ತನ್ನ ಮನೆಯಲ್ಲಿ ಬೇಕು, ಇವತ್ತೇ ಬೇಕು ಎನ್ನಿಸಿತು ರಮಾಮಣಿಗೆ. ಫೋನನ್ನು ಕಿವಿಗೆ ಒತ್ತಿಕೊಂಡು ಕೂತರು. ಆದರೆ ಕತೆಯಲ್ಲಿ ಒಂದು ತಪ್ಪು ಬಂತು.

"ಅಯ್ಯೋ, ಹಂಗಲ್ಲ ರೀ! ಅವನು ಕೂತಿರ್ಲಿಲ್ಲ, ನಿಂತಿದ್ದ! ಮೊದ್ಲು ಪೆನ್ನು ಕೇಳ್ದ, ಆಮೇಲೆ ಫಾರಂ!"

ಆ ಕಡೆ ನಗು ನಿಂತುಹೋಯಿತು.

"...ಹಲೋ?... ಹಲೋ, ಯಾರು ಮಾತಾಡ್ತಿರೋದು?... ಹೂಂ ಅಂದಿದ್ದು ನೀವೇನಾ?... ರೀ, ಇಡ್ಬೇಡಿ, ಕೇಳಿ. ಇವತ್ತು ದವನ ತರ್ಬೇಡಿ... ಸಂಪಿಗೇನೂ ಬೇಡ. ಹಚ್ಕೊಂಡು ಹಂಗೇ ಬನ್ನಿ, ಘಮ್ ಅಂತ ಬನ್ನಿ... ಮಿಕ್ಕ ಕತೆ ಮನೇಲಿ ಹೇಳಿ, ನಾನು ನಡುವೆ ಬಾಯಿ ಹಾಕಲ್ಲ... ಏನು?... ಹೂಂ ಅಂದ್ರೆ ಆಗಲ್ಲ, ಬರ್ತೀರೋ ಇಲ್ವೋ, ಬಾಯ್ಬಿಟ್ಟು ಹೇಳಿ... ಹಲೋ?... ನಕ್ಕಿದ್ದಾ ಅದು?... ನಕ್ಕಿದ್ದು ಯಾರು, ಸಾಹೇಬ್ರಾ, ನೀವಾ?... ರೀ?... ಹಲೋ?..."

ಲೈನು ಕಟ್ಟಾಯಿತು.