ಷಡ್ಡಕನ ಹಾರೆ ಮತ್ತು ಬಿಡಿಸಲಾಗದ ಮೂರು ಪೆಟ್ಟಿಗೆಗಳು

ಹೆಸರು: ಎಲ್ಲರೂ ಕರೆಯುವಂತೆ 'ಮೂಲೆಮಟ್ಟದ ಮೇಷ್ಟ್ರು'. ವಯಸ್ಸು: ಐವತ್ತೆರಡು. ಉದ್ಯೋಗ: ಹಿಂದೆ ಕಾಲೇಜಿನಲ್ಲಿ ರೇಖಾಗಣಿತ ಬೋಧನೆ, ಈಗ ಪ್ಲೈವುಡ್ ಪೆಟ್ಟಿಗೆ ತಯಾರಿಕೆ. ವಾಸ: ನಾಟಕ ಮಂದಿರದ ಹಿಂದಿನ ಓಣಿ, ದುರದೃಷ್ಟವಶಾತ್ ಷಡ್ಡಕನ ಶೆಡ್ಡಿನ ಪಕ್ಕ.

ಈ ಮೂಲಕ ತಿಳಿಸುವುದೇನೆಂದರೆ, ಇಂದು ಸಂಜೆ ನಾಲ್ಕೂವರೆಗೆ ನಾನು ನನ್ನ ಹೆಂಡತಿಯ ತಂಗಿಯ ಗಂಡನ ಶೆಡ್ಡಿಗೆ ನುಗ್ಗಿ ಒಂದು ಹಾರೆ ಕದ್ದದ್ದು ನಿಜ. ಕದಿಯಲು ಯೋಗ್ಯವಾದ ವಸ್ತು ಅಲ್ಲಿ ಅದೊಂದೇ ಇತ್ತೆಂಬುದನ್ನೂ ದಾಖಲಿಸಿಕೊಳ್ಳಬೇಕೆಂದು ಕೋರುತ್ತೇನೆ.

ಸದರಿ ಷಡ್ಡಕನನ್ನು ಜನ 'ಮೊಳೆ' ಎನ್ನುತ್ತಾರೆ. ಆತನೂ ಪೆಟ್ಟಿಗೆ ಮಾಡುತ್ತಾನೆ; ಅಂದರೆ ಹಲಗೆಗಳು ಹೆದರಿ ಒಟ್ಟಿಗಿರುವವರೆಗೆ ಮೊಳೆ ಹೊಡೆಯುತ್ತಾನೆ. ಎಲ್ಲರ ಮಾತಿಗೂ ಕೊಕ್ಕೆ ಹಾಕುವ ಈತನಿಗೆ ಪೆಟ್ಟಿಗೆಗೊಂದು ಕೊಕ್ಕೆ ನೆಟ್ಟಗೆ ಹಾಕಲು ಬಾರದು.

ನಾಟಕ ಕಂಪನಿಯ ಮ್ಯಾನೇಜರು ನಮ್ಮಿಬ್ಬರಿಗೂ ಮೂರು ಮೂರು ಪೆಟ್ಟಿಗೆ ಮಾಡಲು ಹೇಳಿದ್ದರು. ಲಾರಿಯಲ್ಲಿ ಒಂದರ ಮೇಲೊಂದು ಅಲುಗದೆ ಕೂರಬೇಕು, ಇಳಿಸಿದೊಡನೆ ಬಿಡಿಯಾಗಬೇಕು. ಗೆದ್ದವರಿಗೆ ಕಂಪನಿಯ ಪೆಟ್ಟಿಗೆ ಕೆಲಸವೆಲ್ಲ. ನನ್ನ ವಿಧಾನದಲ್ಲಿ ಮೇಲಿನ ಪೆಟ್ಟಿಗೆಯ ತಳದ ಪಟ್ಟಿಗಳು ಕೆಳಗಿನದರ ಬಾಯೊಳಗೆ ಬಿಗಿಯಾಗಿ ಕೂರುತ್ತವೆ. ಪಕ್ಕದಲ್ಲಿ ಮೇಲಿನದರ ಕೊಕ್ಕೆ ಕೆಳಗಿನದರ ಬಳೆಗೆ ಬೀಳುತ್ತದೆ. ಷಡ್ಡಕನ ವಿಧಾನದಲ್ಲಿ ದೇವರೇ ಗತಿ.

ಬೆಳಿಗ್ಗೆ ಹನ್ನೊಂದಕ್ಕೆ ಇಂದಿನ ನಾಟಕದ ಉಡುಪುಗಳನ್ನೇ ತುಂಬಿ ಪರೀಕ್ಷೆ ನಡೆಯಿತು. ಮ್ಯಾನೇಜರು ಭುಜ ಕೊಟ್ಟು ತಳ್ಳಿದಾಗ ಷಡ್ಡಕನ ಪೆಟ್ಟಿಗೆಗಳು ಕಿರ್ರೆಂದವು. ನನ್ನವು ಒಂದೇ ಮರದ ಬೊಡ್ಡೆಯಂತೆ ನಿಂತವು. ಪೆಟ್ಟಿಗೆ ಅಂದ್ರೆ ಇದು ಕಣ್ರೀ ಎಂದು ಅವರು ಹೇಳಿದರು. ನಿನ್ನವನ್ನ ಒಲೆಗೆ ಹಾಕಪ್ಪ, ಮೊಳೆ ಮಾತ್ರ ಆರಿಸ್ಕೋ ಎಂದು ನಾನು ಷಡ್ಡಕನಿಗೆ ಸೌಮ್ಯವಾಗಿ ತಿಳಿಸಿದೆನು.

ನಾಲ್ಕಕ್ಕೆ ಮಂದಿರದಲ್ಲಿ ಕೊಕ್ಕೆ ತೆಗೆದರೂ ನನ್ನ ಪೆಟ್ಟಿಗೆಗಳು ಬಿಡಲಿಲ್ಲ. ರಾಜನ ಉಡುಪು ನಡುವಿನದರಲ್ಲಿತ್ತು, ಆಟ ಆರಕ್ಕೆ. ಮ್ಯಾನೇಜರು ಎಳೆದರು. ಟವೆಲ್ ಸುತ್ತಿಕೊಂಡಿದ್ದ ರಾಜ ಪಾತ್ರಧಾರಿಯೂ ಎಳೆದರು. ಮೂರೂ ಒಟ್ಟಿಗೇ ಮೇಲೆದ್ದವು. ಇದು ದೋಷವಲ್ಲ, ಭದ್ರತೆ ಎಂದು ನಾನು ವಿವರಿಸಿದೆನು. ಹಾಗಾದ್ರೆ ರಾಜ ಟವೆಲಲ್ಲೇ ಯುದ್ಧಕ್ಕೆ ಹೋಗ್ಲಾ ಭಾವ ಎಂದು ಷಡ್ಡಕನು ಕೇಳಿದನು. ಅಂಥವನ ಬಳಿ ಹಾರೆ ಬೇಡುವುದಕ್ಕಿಂತ ಕದಿಯುವುದೇ ಮರ್ಯಾದೆ ಎನಿಸಿತು. ಹಿಂದೆಯೇ ಬಂದ ಆತ, ನನ್ನ ಗುರುತು ಚೆನ್ನಾಗಿ ಸಿಕ್ಕ ಮೇಲೆಯೇ ಕಳ್ಳ ಕಳ್ಳ ಎಂದು ಕೂಗಿದನು. ನನ್ನನ್ನೂ, ಸಾಕ್ಷ್ಯವೆಂದು ಹಾರೆಯನ್ನೂ ಪೆಟ್ಟಿಗೆಗಳನ್ನೂ ಠಾಣೆಗೆ ತರಲಾಯಿತು; ಉಡುಪಿನ ಹಿಂದೆ ಮ್ಯಾನೇಜರೂ ರಾಜರೂ ಬಂದರು.

ಮೇಲೆ ಬರೆಸಿದ್ದನ್ನು ಓದಿ ನೋಡಿದ್ದೇನೆ, ಸತ್ಯವಾಗಿದೆ, ಶೈಲಿಯೂ ಪರವಾಗಿಲ್ಲ.

ಸ್ಥಳ: ಠಾಣೆ. ದಿನಾಂಕ: ಘಟನೆಯ ದಿನವೇ.
(ಸಹಿ)

ಸಹಿಯ ನಂತರ ಸೇರಿಸಿದ್ದು: ಐದೂ ಮುಕ್ಕಾಲಿಗೆ ಸಾಹೇಬರ ಎದುರು ಷಡ್ಡಕನು ತನ್ನ ಹಾರೆಯಿಂದ ಪೆಟ್ಟಿಗೆಗಳನ್ನು ಬಿಡಿಸಿದನು. ಬೆಂಚಿನ ಮೇಲೆ ಕಾಯುತ್ತಿದ್ದ ರಾಜರು ಉಡುಪು ಕಂಕುಳಲ್ಲಿಟ್ಟುಕೊಂಡು ಓಡಿದರು. ಮ್ಯಾನೇಜರು ಓಡುತ್ತಲೇ, ಕೆಲಸ ನಿಮಗೇ ಎಂದು ಷಡ್ಡಕನಿಗೆ ಹೇಳಿದರು. ಹೊಳಪಿಗೆಂದು ನಾನು ಬೆಳಿಗ್ಗೆ ಬಳಿದಿದ್ದ ವಾರ್ನಿಷ್ ಒಣಗುವ ಮೊದಲೇ ಪೇರಿಸಿದ್ದರಿಂದ ಪೆಟ್ಟಿಗೆಗಳು ಅಂಟಿಕೊಂಡದ್ದು ಕಂಡುಬಂತು. ಹಾಗಾದ್ರೆ ಕೊಕ್ಕೆ ಏನ್ಮಾಡ್ತಿತ್ತು ರೀ ಎಂದು ಸುದ್ದಿ ತಿಳಿದು ಠಾಣೆಗೆ ಬಂದಿದ್ದ ನನ್ನ ಹೆಂಡತಿ ಕೇಳಿದಳು. ಬಗ್ಗಿ ನೋಡಲಾಗಿ, ಕೊಕ್ಕೆಯನ್ನೂ ಬಳೆಯನ್ನೂ ನಾನು ಮೇಲಿನ ಪೆಟ್ಟಿಗೆಗೇ ಜಡಿದಿದ್ದೇನೆ.
(ಸಹಿ)