ತಟ್ಟೆಯಗಲದ ಫ್ಯಾನು

ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಯಲ್ಲಿ ನನ್ನ ಮುಂದೆ ಅಕ್ಕ, ತಮ್ಮ ನಿಂತಿದ್ದರು. ತಮ್ಮನ ಕೈಯಲ್ಲಿ ತಿಂಡಿ ತಟ್ಟೆಯಷ್ಟು ಅಗಲದ ಫ್ಯಾನು.

“ಇಷ್ಟು ದೊಡ್ಡದು ಸದ್ದು ಮಾಡಲ್ವೇನೋ?”

“ದೊಡ್ಡದು ನಿಧಾನಕ್ಕೆ ತಿರುಗಿದ್ರೂ ಸಾಕು ಕಣಕ್ಕಾ, ಸದ್ದೇ ಇರಲ್ಲ.”

“ಬಿಸಿಯಾಗಿ ನನ್ನ ಗೇಮ್ ನಿಂತ್ರೆ ನೋಡು ಮತ್ತೆ!”

“ನಿಲ್ಲಲ್ಲ ಬಿಡು. ನಿನ್ನೆ ನನ್ನ ಕಂಪ್ಯೂಟರಲ್ಲಿ ಗೊರಗೊರ ಅನ್ನೋ ಹಳೇ ಫ್ಯಾನ್ ತೆಗೆದು ಇಂಥದ್ದೊಂದು ಹಾಕ್ದೆ. ಆಮೇಲೆ ಅಪ್ಪ ಮನೇಲಿ ಹಾಡಿ ರೆಕಾರ್ಡ್ ಮಾಡಿದ್ದ ಹಳೇ ಹಾಡು ಹಾಕ್ದೆ. ಅದರ ಹಿಂದೆ ಏನು ಕೇಳಿಸ್ತು ಗೊತ್ತಾ? ಅಮ್ಮನ ಹೊಲಿಗೆ ಮಿಷನ್ನು.”

“ಅದನ್ನ ರೆಕಾರ್ಡ್ ಮಾಡಿದ ವರ್ಷ ಅವರಿಬ್ರೂ ಮಾತೇ ಬಿಟ್ಟಿದ್ರಲ್ಲೋ!”

“ಹೂಂ. ಆದ್ರೆ ಅಪ್ಪ ಬಾಯಿ ತೆಗೆದ ತಕ್ಷಣ ಮಿಷನ್ ನಿಲ್ಲುತ್ತೆ. ಚರಣ ಮುಗಿದ್ಮೇಲೆ ಮತ್ತೆ ಶುರು.”

“ಪ್ರತಿ ಸಲಾನೂ?”

“ಪ್ರತಿ ಸಲಾನೂ.”

ಅವರ ಸರದಿ ಬಂತು. ಅಕ್ಕ ಫ್ಯಾನನ್ನು ಕಿತ್ತುಕೊಂಡು ಅಂಗಡಿಯವನ ಮುಂದಿಟ್ಟಳು.

“ಇದಕ್ಕಿಂತ ಸದ್ದಿಲ್ಲದ್ದು ಇದ್ಯಾ?”